64 ಜಿಬಿ ಮೆಮೊರಿ ಇದ್ದರೂ ಒರೇಕಲ್ ಡೇಟಾಬೇಸ್ ಚಾಲೂ ಆಗುತ್ತಿಲ್ಲ: ಒಆರ್‌ಎ-27102

ಪ್ರಶ್ನೆ | ಮಲಪ್ರಭಾ

ಎಲ್ಲರಿಗೂ ನಮಸ್ಕಾರ.

ನಮ್ಮ ಕಚೇರಿಯ ಲೆಕ್ಕಪತ್ರ ವ್ಯವಸ್ಥೆ ನಡೆಯುವುದು ಒರೇಕಲ್ 19ಸಿ ಡೇಟಾಬೇಸಿನ ಮೇಲೆ. ಸರ್ವರ್‌ನಲ್ಲಿರುವುದು 64 ಬಿಟ್‌ನ ರೆಡ್ ಹ್ಯಾಟ್ ಲಿನಕ್ಸ್ 7. ರ‍್ಯಾಮ್ 64 ಜಿಬಿ, ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) 4 ಜಿಬಿ. ಇಲ್ಲಿಯವರೆಗೆ ಎಸ್‌ಜಿಎ (ಡೇಟಾಬೇಸಿನ ಪ್ರಕ್ರಿಯೆಗಳೆಲ್ಲ ಹಂಚಿಕೊಳ್ಳುವ ಮೆಮೊರಿ) 6 ಜಿಬಿಯಷ್ಟೇ ಇತ್ತು. ತಿಂಗಳ ಕೊನೆಯ ವರದಿಗಳು ತೀರಾ ನಿಧಾನವಾದ ಕಾರಣ ಎಸ್‌ಜಿಎ ಟಾರ್ಗೆಟ್ ಮತ್ತು ಎಸ್‌ಜಿಎ ಮ್ಯಾಕ್ಸ್‌ಸೈಜ್ ಎರಡನ್ನೂ 24 ಜಿಬಿಗೆ, ಪಿಜಿಎ (ಪ್ರತಿ ಪ್ರಕ್ರಿಯೆಯ ಸ್ವಂತ ಮೆಮೊರಿ) ಟಾರ್ಗೆಟನ್ನು 8 ಜಿಬಿಗೆ ಏರಿಸುವುದೆಂದು ತೀರ್ಮಾನವಾಯಿತು. ಹೊಸ ಬೆಲೆಗಳನ್ನು ಡೇಟಾಬೇಸಿನ ಸೆಟ್ಟಿಂಗ್ ಫೈಲಾದ ಎಸ್‌ಪಿಫೈಲ್‌ಗೆ ಬರೆದು, ಡೇಟಾಬೇಸನ್ನು ಕ್ರಮವಾಗಿ ನಿಲ್ಲಿಸಿ, ಮತ್ತೆ ಚಾಲೂ ಮಾಡಲು ಹೋದಾಗ ಎಸ್‌ಕ್ಯೂಎಲ್‌ಪ್ಲಸ್‌ನಲ್ಲಿ ಈ ಸಂದೇಶ ಬರುತ್ತಿದೆ:

ಒಆರ್‌ಎ-27102: ಔಟ್ ಆಫ್ ಮೆಮೊರಿ
ಲಿನಕ್ಸ್-ಎಕ್ಸ್86_64 ಎರರ್: 28: ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್

ಮೊದಲ ಸಾಲು ಮೆಮೊರಿ ಇಲ್ಲವೆನ್ನುತ್ತದೆ, ಎರಡನೆಯದು ಡಿಸ್ಕಿನಲ್ಲಿ ಜಾಗವಿಲ್ಲ ಎಂಬಂತೆ ಓದಿಸಿಕೊಳ್ಳುತ್ತದೆ. ಡಿಎಫ್ ಕೊಟ್ಟು ನೋಡಿದರೆ ಯಾವ ಫೈಲ್‌ಸಿಸ್ಟಮ್ಮೂ ತುಂಬಿಲ್ಲ, ಐನೋಡ್‌ಗಳೂ ಬೇಕಾದಷ್ಟಿವೆ. ಡೇಟಾಬೇಸ್ ನಿಂತಿರುವಾಗಲೇ ಫ್ರೀ -ಜಿ ಕೊಟ್ಟಾಗ ಟೋಟಲ್ 62, ಯೂಸ್ಡ್ 43, ಅವೈಲಬಲ್ 18 ಎಂದು ತೋರಿಸಿತು. ಅಲರ್ಟ್ ಲಾಗ್‌ನಲ್ಲಿ ಮೇಲಿನ ಸಂದೇಶಕ್ಕಿಂತ ಹೆಚ್ಚಿನದೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಲಿನಕ್ಸ್‌ನ ತಿರುಳಾದ ಕರ್ನಲ್‌ನ ಮಿತಿಗಳನ್ನು ಬರೆದಿಡುವ ಸಿಸ್‌ಸಿಟಿಎಲ್ ಫೈಲನ್ನು ಹಿಂದೆ 16 ಜಿಬಿಯ ಹಳೆಯ ಸರ್ವರ್‌ನಿಂದ ಹಾಗೆಯೇ ತಂದು ಇಟ್ಟಿದ್ದರೆಂದು ಇಲ್ಲಿನ ಹಿರಿಯರು ಹೇಳುತ್ತಾರೆ. ಅದರಲ್ಲಿ ಸಂಬಂಧಪಟ್ಟ ಸಾಲುಗಳು ಇವು:

ಕರ್ನಲ್.ಶಮ್‌ಮ್ಯಾಕ್ಸ್ = 68719476736
ಕರ್ನಲ್.ಶಮ್‌ಆಲ್ = 2097152
ಕರ್ನಲ್.ಶಮ್‌ಎಂಎನ್‌ಐ = 4096

ಶಮ್‌ಮ್ಯಾಕ್ಸ್ 64 ಜಿಬಿಯಷ್ಟಿದೆ, ಅಂದರೆ 24 ಜಿಬಿಯ ಎಸ್‌ಜಿಎಗೆ ಧಾರಾಳವಾಗಿ ಸಾಕು. ಹೀಗಿರುವಾಗ ತಡೆ ಎಲ್ಲಿದೆ? ಇನ್ನಷ್ಟು ರ‍್ಯಾಮ್ ಹಾಕಿಸಬೇಕೆಂದು ಮೇಲಿನವರಿಗೆ ಪತ್ರ ಬರೆಯುವ ಮುನ್ನ ತಿಳಿದವರ ಅಭಿಪ್ರಾಯ ಬೇಕಾಗಿದೆ.

ಉತ್ತರ | ರಾತ್ರಿಪಾಳಿ

ಸ್ವಾಪ್ 4 ಜಿಬಿ ಎಂದರೆ ಬಹಳ ಕಡಿಮೆಯಾಯಿತು. 16 ಜಿಬಿಗಿಂತ ಹೆಚ್ಚು ರ‍್ಯಾಮ್ ಇರುವ ಯಂತ್ರಕ್ಕೆ 16 ಜಿಬಿ ಸ್ವಾಪ್ ಇರಬೇಕೆಂದು ಒರೇಕಲ್‌ನ ಇನ್‌ಸ್ಟಾಲೇಷನ್ ಕೈಪಿಡಿಯೇ ಹೇಳುತ್ತದೆ. ಸ್ವಾಪ್ ಹೆಚ್ಚಿಸಿ, ಸರ್ವರ್ ಒಮ್ಮೆ ರೀಬೂಟ್ ಮಾಡಿ ನೋಡಿ.

ಉತ್ತರ | ತುಂಗಾತೀರ

ಮಲಪ್ರಭಾ ಅವರೇ, ರ‍್ಯಾಮ್‌ಗಾಗಿ ಪತ್ರ ಬರೆಯುವ ಅಗತ್ಯವಿಲ್ಲ. ಈ ಘಟ್ಟದಲ್ಲಿ ರೀಬೂಟ್‌ನಿಂದಲೂ ಪ್ರಯೋಜನವಿಲ್ಲ, ಏಕೆಂದರೆ ಯಂತ್ರ ಮೇಲೆದ್ದ ಕೂಡಲೇ ಅದೇ ಸಿಸ್‌ಸಿಟಿಎಲ್ ಫೈಲನ್ನು ಮತ್ತೆ ಓದುತ್ತದೆ. ಸ್ವಾಪ್ ಬಗ್ಗೆ ರಾತ್ರಿಪಾಳಿಯವರು ಹೇಳಿದ್ದು ಸರಿಯೇ, ಆದರೆ 28ನೆಯ ದೋಷಕ್ಕೂ ಸ್ವಾಪ್‌ಗೂ ಸಂಬಂಧವಿಲ್ಲ.

ಕಾರಣ ಹುಡುಕುವ ಮೊದಲು ಡೇಟಾಬೇಸನ್ನು ಹಳೆಯ ಅಳತೆಯಲ್ಲಾದರೂ ಎಬ್ಬಿಸಿಕೊಳ್ಳಿ. ಕೆಲಸ ನಿಂತು ಕಾಯುತ್ತಿರುವವರಿಗೆ ನಮ್ಮ ತನಿಖೆ ಬೇಕಿಲ್ಲ. ಇನ್‌ಸ್ಟೆನ್ಸ್ ಏಳದಿದ್ದರೂ ಎಸ್‌ಕ್ಯೂಎಲ್‌ಪ್ಲಸ್‌ನಲ್ಲಿ ಸಿಸ್‌ಡಿಬಿಎ ಆಗಿ ಸೇರಿಕೊಂಡು ‘ಕ್ರಿಯೇಟ್ ಪಿಫೈಲ್ ಫ್ರಂ ಎಸ್‌ಪಿಫೈಲ್’ ಕೊಡಬಹುದು, ಅದಕ್ಕೆ ಡೇಟಾಬೇಸ್ ತೆರೆದಿರಬೇಕಾಗಿಲ್ಲ. ಪಿಫೈಲ್ ಎಂದರೆ ಅದೇ ಸೆಟ್ಟಿಂಗ್‌ಗಳ ಪಠ್ಯರೂಪದ ಫೈಲ್. ಅದಕ್ಕೆ ಬೇರೆ ಹೆಸರು ಕೊಟ್ಟು ಟೆಂಪ್ ಡೈರೆಕ್ಟರಿಗೆ ಬರೆಸಿ, ವಿಐ ಎಡಿಟರ್‌ನಲ್ಲಿ ತೆರೆದು ಎಸ್‌ಜಿಎ ಬೆಲೆಗಳನ್ನು 6 ಜಿಬಿಗೆ ಇಳಿಸಿ, ಆ ಪಿಫೈಲ್‌ನ ಹೆಸರು ಕೊಟ್ಟು ಸ್ಟಾರ್ಟಪ್ ಮಾಡಿ. ಮೂಲ ಎಸ್‌ಪಿಫೈಲನ್ನು ಮುಟ್ಟಬೇಡಿ. ದೋಷ ಸರಿಹೋದ ಮೇಲೆ ಅದರಿಂದಲೇ ಚಾಲೂ ಮಾಡಬಹುದು.

ಇನ್ನು ಕಾರಣಕ್ಕೆ ಬರುತ್ತೇನೆ. ಒಆರ್‌ಎ-27102 ಎಂಬುದು ಒರೇಕಲ್ ತನ್ನ ಮಾತಿನಲ್ಲಿ ಹೇಳುವ ದೂರು: ಹಂಚಿಕೆಯ ಮೆಮೊರಿಯನ್ನು ಕೇಳಿದೆ, ಸಿಗಲಿಲ್ಲ. ಏಕೆ ಸಿಗಲಿಲ್ಲವೆಂಬುದನ್ನು ಹೇಳುವವನು ಕರ್ನಲ್, ಅವನ ಉತ್ತರ ಇರುವುದು ಎರಡನೆಯ ಸಾಲಿನ ಸಂಖ್ಯೆಯಲ್ಲಿ. ಬಹಳಷ್ಟು ಮಂದಿ 27102 ಎಂಬ ಸಂಖ್ಯೆಯನ್ನೇ ಹಿಡಿದು ಹುಡುಕುತ್ತಾ ಹೋಗುವುದರಿಂದ, ಮೂರು ಬೇರೆ ಬೇರೆ ರೋಗಗಳಿಗೆ ಬರೆದ ಮದ್ದುಗಳನ್ನು ಒಟ್ಟಿಗೆ ನುಂಗಿದಂತಾಗುತ್ತದೆ. ಲಿನಕ್ಸ್ ಕರ್ನಲ್ ಹಂಚಿಕೆಯ ಮೆಮೊರಿ ಕೇಳುವ ಶಮ್‌ಗೆಟ್ ಕರೆ ಬಂದಾಗ ಮೊದಲು ಕೇಳಿದ ಸೆಗ್ಮೆಂಟಿನ (ಆ ಮೆಮೊರಿಯ ಒಂದು ತುಂಡಿನ) ಗಾತ್ರ ಶಮ್‌ಮ್ಯಾಕ್ಸ್ ಅನ್ನು ಮೀರುತ್ತದೆಯೇ ಎಂದು ನೋಡುತ್ತದೆ. ಮೀರಿದರೆ 22, ಅಂದರೆ ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’. ಆಮೇಲೆ, ಈಗಾಗಲೇ ಇರುವ ಎಲ್ಲ ಸೆಗ್ಮೆಂಟ್‌ಗಳ ಜೊತೆ ಇದನ್ನೂ ಕೂಡಿದರೆ ಶಮ್‌ಆಲ್ ದಾಟುತ್ತದೆಯೇ ಎಂದು ನೋಡುತ್ತದೆ, ದಾಟಿದರೆ 28. ಈ ಎರಡು ಪರೀಕ್ಷೆಗಳಲ್ಲೂ ತೇರ್ಗಡೆಯಾದ ಮೇಲೆಯೇ ನಿಜವಾದ ಮೆಮೊರಿಯ ಲೆಕ್ಕಕ್ಕೆ ಕೈಹಾಕುವುದು. ಅಲ್ಲಿ ಸೋತರೆ 12, ‘ಕೆನಾಟ್ ಅಲೊಕೇಟ್ ಮೆಮೊರಿ’. ನಿಮ್ಮದು 28 ಆದ್ದರಿಂದ ಕರ್ನಲ್ ಇನ್ನೂ ರ‍್ಯಾಮ್‌ನತ್ತ ನೋಡಿಯೇ ಇಲ್ಲ.

ಶಮ್‌ಮ್ಯಾಕ್ಸ್‌ನ ಅಳತೆ ಬೈಟ್‌ಗಳಲ್ಲಿ, ಶಮ್‌ಆಲ್‌ನ ಅಳತೆ ಪೇಜ್‌ಗಳಲ್ಲಿ (ಕರ್ನಲ್ ಮೆಮೊರಿಯನ್ನು ಹಂಚುವ ಚಿಕ್ಕ ತುಂಡುಗಳಲ್ಲಿ). ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಬರುವ ಎರಡು ಸಾಲುಗಳಿಗೆ ಎರಡು ಮಾನಗಳನ್ನು ಇಟ್ಟವರ ಬಗ್ಗೆ ನನಗೆ ಹೇಳಲು ಒಳ್ಳೆಯ ಮಾತಿಲ್ಲ. ಪೇಜಿನ ಗಾತ್ರ ನಿಮ್ಮ ಯಂತ್ರದಲ್ಲಿ 4096 ಬೈಟ್ ಇರುತ್ತದೆ, ಗೆಟ್‌ಕಾನ್ಫ್ ಪೇಜ್_ಸೈಜ್ ಕೊಟ್ಟು ಖಚಿತಪಡಿಸಿಕೊಳ್ಳಿ. 2097152ನ್ನು 4096ರಿಂದ ಗುಣಿಸಿದರೆ 8589934592 ಬೈಟ್, ಅಂದರೆ ಸರಿಯಾಗಿ 8 ಜಿಬಿ. ಇಡೀ ಸರ್ವರ್‌ನಲ್ಲಿ ಎಲ್ಲರೂ ಸೇರಿ 8 ಜಿಬಿಗಿಂತ ಹೆಚ್ಚು ಹಂಚಿಕೆಯ ಮೆಮೊರಿ ಪಡೆಯಕೂಡದೆಂದು ನಿಮ್ಮ ಫೈಲ್ ಆಜ್ಞೆ ಮಾಡಿದೆ. 6 ಜಿಬಿಯ ಎಸ್‌ಜಿಎ ಅದರೊಳಗೆ ಸದ್ದಿಲ್ಲದೆ ಹಿಡಿಸಿತ್ತು, 24 ಹಿಡಿಸುವುದಿಲ್ಲ. ಈ 2097152 ಎಂಬ ಸಂಖ್ಯೆ ಒರೇಕಲ್‌ನ ಹಳೆಯ ಕೈಪಿಡಿಗಳು ಕನಿಷ್ಠವೆಂದು ಕೊಟ್ಟದ್ದು. ಆ ಕನಿಷ್ಠವೇ ಸರ್ವರ್‌ನಿಂದ ಸರ್ವರ್‌ಗೆ ನಕಲಾಗುತ್ತಾ ಗರಿಷ್ಠವಾಗಿ ಕುಳಿತಿರುವುದನ್ನು ಅನೇಕ ಕಡೆ ಕಾಣಬಹುದು. ನೀವು ಆ ಸಾಲನ್ನು ಬರೆಯದೇ ಬಿಟ್ಟಿದ್ದರೂ ತೊಂದರೆ ಇರುತ್ತಿರಲಿಲ್ಲ, ಏಕೆಂದರೆ ರೆಡ್ ಹ್ಯಾಟ್ 7ರಲ್ಲಿ ಶಮ್‌ಆಲ್‌ನ ಮೂಲ ಬೆಲೆಯೇ ಯಾರೂ ಮುಟ್ಟಲಾರದಷ್ಟು ದೊಡ್ಡದು.

24 ಜಿಬಿಗೆ ಬೇಕಾದದ್ದು 6291456 ಪೇಜ್. ಅಷ್ಟಕ್ಕೇ ಬಿಗಿಯಾಗಿ ಕಟ್ಟುವುದು ಬೇಡ. ಶಮ್‌ಆಲ್ ಬರೀ ಮಿತಿ, ಅದನ್ನು ಏರಿಸಿದ ಮಾತ್ರಕ್ಕೆ ಒಂದು ಬೈಟ್ ಮೆಮೊರಿಯೂ ಖರ್ಚಾಗುವುದಿಲ್ಲ. ಒರೇಕಲ್ 19ಸಿಯ ಪ್ರೀಇನ್‌ಸ್ಟಾಲ್ ಪ್ಯಾಕೇಜ್ ಶಮ್‌ಆಲ್‌ಗೆ 1073741824, ಶಮ್‌ಮ್ಯಾಕ್ಸ್‌ಗೆ 4398046511104 ಎಂದು ಬರೆಯುತ್ತದೆ. ಎರಡೂ ಅವುಗಳ ಮಾನದಲ್ಲಿ 4 ಟಿಬಿಯೇ. ಅವನ್ನೇ ಹಾಕಿ, ರೂಟ್ ಆಗಿ ಸಿಸ್‌ಸಿಟಿಎಲ್ -ಪಿ ಕೊಡಿ. ರೀಬೂಟ್ ಬೇಡ. ಬಳಿಕ ಐಪಿಸಿಎಸ್ -ಎಲ್ ಕೊಟ್ಟರೆ ಹೊಸ ಮಿತಿ ಕಾಣಿಸುತ್ತದೆ; ಅಲ್ಲಿ ಈ ಎರಡು ಮಿತಿಗಳೂ ಕಿಲೋಬೈಟ್‌ನಲ್ಲಿರುತ್ತವೆ. ಮೂರನೆಯ ಮಾನ!

ಇದೇ 28 ಇನ್ನೊಂದು ಕಾರಣಕ್ಕೂ ಬರಬಹುದು: ಸೆಗ್ಮೆಂಟ್‌ಗಳ ಎಣಿಕೆ ಶಮ್‌ಎಂಎನ್‌ಐ ಮಿತಿಯನ್ನು ಮುಟ್ಟಿದ್ದರೆ. ನಿಮ್ಮಲ್ಲಿ ಅದು 4096 ಇರುವುದರಿಂದ ಆ ಸಾಧ್ಯತೆ ದೂರದ್ದು, ಆದರೂ ಐಪಿಸಿಎಸ್ -ಎಂ ಕೊಟ್ಟು ಪಟ್ಟಿಯ ಉದ್ದವನ್ನೊಮ್ಮೆ ನೋಡಿಬಿಡಿ.

ಇನ್ನೊಂದು ಮಾತು. ಡೇಟಾಬೇಸ್ ನಿಂತಿರುವಾಗಲೂ ಯೂಸ್ಡ್ 43 ಜಿಬಿ ಎಂದು ಬರೆದಿದ್ದೀರಿ. ಆ ಯಂತ್ರದಲ್ಲಿ ಡೇಟಾಬೇಸ್ ಬಿಟ್ಟು ಬೇರೇನೂ ಇಲ್ಲವೆಂದಾದರೆ ಆ 43 ಜಿಬಿ ಯಾರ ಕೈಯಲ್ಲಿದೆ? ಶಮ್‌ಆಲ್ ಸರಿಯಾದ ಮೇಲೆ ನಿಮಗೆ ಅದೇ ಮುಂದಿನ ಅಡ್ಡಿಯಾಗಬಹುದೆಂದು ನನ್ನ ಊಹೆ.

ಮುಂದುವರಿಕೆ | ಮಲಪ್ರಭಾ

ತುಂಗಾತೀರ ಅವರಿಗೆ ಧನ್ಯವಾದಗಳು. ಪಿಫೈಲ್‌ನ ದಾರಿಯಿಂದ ಡೇಟಾಬೇಸ್ 6 ಜಿಬಿಯಲ್ಲಿ ಎದ್ದಿದೆ, ಕೆಲಸ ಸಾಗುತ್ತಿದೆ. ಸಂಜೆ ಕಚೇರಿ ಮುಗಿದ ಮೇಲೆ ಶಮ್‌ಆಲ್ ಬದಲಾಯಿಸಿ 24 ಜಿಬಿಗೆ ಪ್ರಯತ್ನಿಸಿದೆ. ತಾವು ಊಹಿಸಿದಂತೆಯೇ 28 ಹೋಯಿತು, ಅದರ ಜಾಗದಲ್ಲಿ ಹೀಗೆ ಬಂತು:

ಒಆರ್‌ಎ-27102: ಔಟ್ ಆಫ್ ಮೆಮೊರಿ
ಲಿನಕ್ಸ್-ಎಕ್ಸ್86_64 ಎರರ್: 12: ಕೆನಾಟ್ ಅಲೊಕೇಟ್ ಮೆಮೊರಿ

ಪ್ರಾಕ್ ಡೈರೆಕ್ಟರಿಯ ಮೆಮ್‌ಇನ್ಫೊ ಫೈಲಿನಿಂದ ನನಗೆ ವಿಚಿತ್ರವೆನಿಸಿದ ಸಾಲುಗಳನ್ನು ಕೆಳಗೆ ಕೊಟ್ಟಿದ್ದೇನೆ:

ಹ್ಯೂಜ್‌ಪೇಜಸ್_ಟೋಟಲ್: 20480
ಹ್ಯೂಜ್‌ಪೇಜಸ್_ಫ್ರೀ: 20480
ಹ್ಯೂಜ್‌ಪೇಜಸ್_ರಿಸರ್ವ್ಡ್: 0
ಹ್ಯೂಜ್‌ಪೇಜ್‌ಸೈಜ್: 2048 ಕೆಬಿ

ವಿಚಾರಿಸಿದಾಗ ತಿಳಿದದ್ದು: ಈ ಸರ್ವರ್ ಬಂದ ಹೊಸದರಲ್ಲಿ ಇದರಲ್ಲಿ ತಲಾ 20 ಜಿಬಿ ಎಸ್‌ಜಿಎಯ ಎರಡು ಡೇಟಾಬೇಸ್ ನಡೆಸುವ ಯೋಜನೆ ಇತ್ತಂತೆ. ಎರಡನೆಯದು ಬೇರೆ ಯಂತ್ರಕ್ಕೆ ಹೋಯಿತು, ಮೊದಲನೆಯದು ಹಳೆಯ 6 ಜಿಬಿಯಲ್ಲೇ ಉಳಿಯಿತು, ಸಿಸ್‌ಸಿಟಿಎಲ್.ಡಿ ಡೈರೆಕ್ಟರಿಯ ಒಂದು ಪ್ರತ್ಯೇಕ ಫೈಲಿನಲ್ಲಿ ಈ 20480 ಮಾತ್ರ ಹಾಗೆಯೇ ಕುಳಿತಿದೆ. ಒರೇಕಲ್ ಬಳಕೆದಾರನಾಗಿ ಯುಲಿಮಿಟ್ -ಎಲ್ ಕೊಟ್ಟರೆ 64 ಎಂದು ತೋರಿಸುತ್ತದೆ.

ಉತ್ತರ | ರಾತ್ರಿಪಾಳಿ

ಅಲ್ಲಿಗೆ ನಿಮ್ಮ 43 ಜಿಬಿಯ ಲೆಕ್ಕ ಸಿಕ್ಕಿತು. 20480 ಹ್ಯೂಜ್‌ಪೇಜ್ (ಮೊದಲೇ ಮೀಸಲಿಡುವ ದೊಡ್ಡ ಪೇಜ್), ತಲಾ 2 ಎಂಬಿ, ಒಟ್ಟು 40 ಜಿಬಿ. ಮದುವೆಮನೆಯಲ್ಲಿ ಬೀಗರಿಗೆಂದು ಹಾಕಿಸಿದ ಪಂಕ್ತಿ ಖಾಲಿಯಿದ್ದರೂ ಉಳಿದವರು ಅಲ್ಲಿ ಕೂರುವಂತಿಲ್ಲವಲ್ಲ, ಹಾಗೆ ಈ 40 ಜಿಬಿ ಸಾಮಾನ್ಯ ಬಳಕೆಗೆ ಇಲ್ಲ. ಹ್ಯೂಜ್‌ಪೇಜ್ ಬೇಕೆಂದು ಕೇಳಿ, ಅದಕ್ಕೆ ಅನುಮತಿಯೂ ಇದ್ದವರಿಗೆ ಮಾತ್ರ ಸಿಗುತ್ತದೆ. ನಿಮ್ಮ ಒರೇಕಲ್ ಬಳಕೆದಾರ ಕೇಳುತ್ತಾನೆ, ಆದರೆ ಅವನ ಮೆಮ್‌ಲಾಕ್ ಮಿತಿ (ಮೆಮೊರಿಯಲ್ಲಿ ಕದಲದಂತೆ ಹಿಡಿದಿಡಬಹುದಾದಷ್ಟು; ಯುಲಿಮಿಟ್ -ಎಲ್ ತೋರಿಸಿದ್ದು ಇದನ್ನೇ) ಬರೀ 64 ಕೆಬಿ. ಆದ್ದರಿಂದ ಒರೇಕಲ್ ಸದ್ದಿಲ್ಲದೆ 4 ಕೆಬಿಯ ಸಾಮಾನ್ಯ ಪೇಜ್‌ಗಳಿಗೆ ಹಿಂದಿರುಗುತ್ತದೆ. ಅಲ್ಲಿ ಉಳಿದಿರುವುದು 18 ಜಿಬಿಯಷ್ಟು ರ‍್ಯಾಮ್, 4 ಜಿಬಿ ಸ್ವಾಪ್. ಇಷ್ಟರಲ್ಲಿ 24 ಜಿಬಿ ಕೊಡಲಾಗದೆಂದು ಕರ್ನಲ್ ಕೈಚೆಲ್ಲಿದೆ. ಸ್ವಾಪ್ ಹೆಚ್ಚಿಸಿದ್ದರೆ ಈ 12 ಬಹುಶಃ ಮರೆಯಾಗುತ್ತಿತ್ತು, ಆದರೆ ಎಸ್‌ಜಿಎಯ ಒಂದು ಭಾಗ ಡಿಸ್ಕಿನ ಮೇಲೆ ಓಡಾಡುತ್ತಾ ವರದಿಗಳು ಈಗಿನದಕ್ಕಿಂತ ನಿಧಾನವಾಗುತ್ತಿದ್ದವು. ಹಾಗಾಗಿ ಸ್ವಾಪ್‌ನ ಸಲಹೆಯನ್ನು ಈ ದೋಷದ ಮದ್ದೆಂದು ಯಾರೂ ಓದಿಕೊಳ್ಳಬಾರದು. ಅದು ಬೇರೆಯದೇ ಕಾರಣಕ್ಕೆ ಇರಬೇಕಾದ ವ್ಯವಸ್ಥೆ.

ಮಾಡಬೇಕಾದ್ದು ಎರಡು. ಮೊದಲನೆಯದಾಗಿ ಹ್ಯೂಜ್‌ಪೇಜ್‌ಗಳ ಸಂಖ್ಯೆಯನ್ನು ಎಸ್‌ಜಿಎಗೆ ಹೊಂದಿಸಿ. 24 ಜಿಬಿಗೆ 12288 ಪೇಜ್ ಬೇಕು. ಎಸ್‌ಜಿಎ ಒಂದೇ ಸೆಗ್ಮೆಂಟಾಗಿರದೆ ಕೆಲವು ತುಂಡುಗಳಾಗಿರುತ್ತದೆ, ಪ್ರತಿ ತುಂಡೂ 2 ಎಂಬಿಯ ಅಂಚಿಗೆ ಮೇಲಕ್ಕೆ ಸರಿಯುತ್ತದೆ, ಆದ್ದರಿಂದ ಸ್ವಲ್ಪ ಹೆಚ್ಚಿಗೆ, 12320 ಎಂದು ವಿಎಂ.ಎನ್‌ಆರ್_ಹ್ಯೂಜ್‌ಪೇಜಸ್‌ಗೆ ಕೊಡಿ. ಸಂಖ್ಯೆ ಇಳಿಸುವುದು ಓಡುತ್ತಿರುವ ಯಂತ್ರದಲ್ಲೇ ತಕ್ಷಣ ಆಗುತ್ತದೆ. ಏರಿಸುವಾಗ ಮಾತ್ರ ತೊಡಕು: ಪ್ರತಿ ಹ್ಯೂಜ್‌ಪೇಜಿಗೆ ಒಟ್ಟಿಗೆ ಸೇರಿಕೊಂಡಿರುವ 2 ಎಂಬಿ ಜಾಗ ಬೇಕಾಗುವುದರಿಂದ, ಬಹಳ ದಿನ ಓಡಿದ ಯಂತ್ರದಲ್ಲಿ ಕೇಳಿದಷ್ಟು ಸಿಗದೆ ರೀಬೂಟ್ ಮಾಡಬೇಕಾಗುತ್ತದೆ.

ಎರಡನೆಯದು ಮೆಮ್‌ಲಾಕ್. ಸೆಕ್ಯುರಿಟಿ ಡೈರೆಕ್ಟರಿಯ ಲಿಮಿಟ್ಸ್ ಫೈಲಿನಲ್ಲಿ ಒರೇಕಲ್ ಬಳಕೆದಾರನಿಗೆ ಸಾಫ್ಟ್ ಮತ್ತು ಹಾರ್ಡ್ ಮಿತಿ ಎರಡನ್ನೂ ಎಸ್‌ಜಿಎಗಿಂತ ಹೆಚ್ಚಿಗೆ ಬರೆಯಬೇಕು. ಇಲ್ಲಿನ ಮಾನ ಕಿಲೋಬೈಟ್. 26214400 ಎಂದರೆ 25 ಜಿಬಿ. ಒರೇಕಲ್‌ನ ಪ್ರೀಇನ್‌ಸ್ಟಾಲ್ ಪ್ಯಾಕೇಜ್ 134217728, ಅಂದರೆ 128 ಜಿಬಿ ಬರೆಯುತ್ತದೆ. ಬರೆದ ಮೇಲೆ ಆ ಬಳಕೆದಾರನಾಗಿ ಹೊರಬಂದು ಮತ್ತೆ ಲಾಗಿನ್ ಆಗದಿದ್ದರೆ ಹಳೆಯ ಮಿತಿಯೇ ಮುಂದುವರಿಯುತ್ತದೆ. ಎಷ್ಟೋ ಕಡೆ ಎಲ್ಲವನ್ನೂ ಸರಿಯಾಗಿ ಬರೆದು, ಹಳೆಯ ಪುಟ್ಟಿ ಕಿಟಕಿಯಿಂದಲೇ ಚಾಲೂ ಮಾಡಿ ‘ಆಗಲಿಲ್ಲ’ ಎನ್ನುತ್ತಾರೆ.

ಯಂತ್ರ ಏಳುವಾಗ ಡೇಟಾಬೇಸ್ ತಾನಾಗಿ ಏಳಲು ಸಿಸ್ಟಮ್‌ಡಿ ಸರ್ವಿಸ್ ಬರೆದುಕೊಂಡಿದ್ದರೆ ಇನ್ನೊಂದು ಹೆಜ್ಜೆ ಇದೆ. ಲಿಮಿಟ್ಸ್ ಫೈಲನ್ನು ಓದುವುದು ಲಾಗಿನ್ ಆಗುವಾಗ, ಲಾಗಿನ್ ವ್ಯವಸ್ಥೆಯಾದ ಪ್ಯಾಮ್ ಮೂಲಕ. ಸಿಸ್ಟಮ್‌ಡಿ ನೇರವಾಗಿ ಹುಟ್ಟಿಸುವ ಪ್ರಕ್ರಿಯೆಗಳಿಗೆ ಅದು ತಟ್ಟುವುದಿಲ್ಲ. ಆ ಸರ್ವಿಸ್ ಫೈಲಿನಲ್ಲೇ ಲಿಮಿಟ್‌ಮೆಮ್‌ಲಾಕ್ ಸಾಲು ಇರಬೇಕು. ಇಲ್ಲದಿದ್ದರೆ ಕೈಯಿಂದ ಚಾಲೂ ಮಾಡಿದಾಗ ಹ್ಯೂಜ್‌ಪೇಜ್ ಸಿಗುತ್ತದೆ, ರೀಬೂಟ್ ಆದ ಮರುದಿನ ಸಿಗುವುದಿಲ್ಲ, ಕಾರಣ ಹುಡುಕಿ ತಲೆ ಕೆಡುತ್ತದೆ.

ಯೂಸ್_ಲಾರ್ಜ್_ಪೇಜಸ್ ಪ್ಯಾರಾಮೀಟರನ್ನು ‘ಓನ್ಲಿ’ ಎಂದು ಇಡುವುದು ನನ್ನ ಪದ್ಧತಿ. ಆಗ ಹ್ಯೂಜ್‌ಪೇಜ್ ಸಾಲದಿದ್ದರೆ ಡೇಟಾಬೇಸ್ ಏಳುವುದೇ ಇಲ್ಲ. ಕೆಲವರಿಗೆ ಇದು ಅತಿಯೆನಿಸಬಹುದು. ಆದರೆ ಅರ್ಧ ಮೆಮೊರಿ ಮೀಸಲಲ್ಲಿ ಸಿಕ್ಕಿಕೊಂಡು, ಇನ್ನರ್ಧದಲ್ಲಿ ಡೇಟಾಬೇಸ್ ಕುಂಟುವುದನ್ನು ಒಂದು ತಿಂಗಳ ನಂತರ ಪತ್ತೆಮಾಡುವುದಕ್ಕಿಂತ, ಚಾಲೂ ಮಾಡುವ ಹೊತ್ತಿಗೇ ದೋಷ ಕಾಣುವುದು ಮೇಲು. ಅಲರ್ಟ್ ಲಾಗ್‌ನಲ್ಲಿ ‘ಡಂಪ್ ಆಫ್ ಸಿಸ್ಟಮ್ ರಿಸೋರ್ಸಸ್ ಅಕ್ವೈರ್ಡ್ ಫಾರ್ ಶೇರ್ಡ್ ಗ್ಲೋಬಲ್ ಏರಿಯಾ’ ಎಂಬ ತಲೆಬರಹದ ಕೆಳಗೆ ಮೆಮ್‌ಲಾಕ್ ಮಿತಿ ಎಷ್ಟು, ಎಷ್ಟು ಪೇಜ್ ಸಿಕ್ಕಿತು ಎಂಬುದೆಲ್ಲ ಪ್ರತಿ ಬಾರಿಯೂ ದಾಖಲಾಗುತ್ತದೆ. ಅದು ದೋಷಸಂದೇಶಕ್ಕಿಂತ ಸಾಕಷ್ಟು ಮೇಲಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಉತ್ತರ | ತುಂಗಾತೀರ

ರಾತ್ರಿಪಾಳಿಯವರು ಹೇಳಿದ್ದಕ್ಕೆ ಎರಡು ಸೇರ್ಪಡೆಗಳಿವೆ.

ಮೆಮೊರಿ_ಟಾರ್ಗೆಟ್ ಎಂಬ ಪ್ಯಾರಾಮೀಟರ್ ನಿಮ್ಮ ಎಸ್‌ಪಿಫೈಲ್‌ನಲ್ಲಿ ಸೊನ್ನೆಯೇ ಆಗಿದೆಯೆಂದು ನೋಡಿಕೊಳ್ಳಿ. ಅದನ್ನು ಬಳಸುವವರ ಎಸ್‌ಜಿಎ ಹ್ಯೂಜ್‌ಪೇಜ್‌ನಲ್ಲಿ ಕೂರುವುದಿಲ್ಲ, ಡೆವ್ ಡೈರೆಕ್ಟರಿಯ ಶಮ್ ಫೈಲ್‌ಸಿಸ್ಟಮ್‌ನಲ್ಲಿ ಕೂರುತ್ತದೆ. ಅಲ್ಲಿ ಜಾಗ ಸಾಲದಿದ್ದರೆ ಬರುವ ದೋಷವೂ ಬೇರೆ, ಒಆರ್‌ಎ-00845. ಆ ಸಂದೇಶ ಕಂಡವರು ಶಮ್‌ಆಲ್ ತಿದ್ದುತ್ತಾ ಕೂರಬಾರದು.

ಹ್ಯೂಜ್‌ಪೇಜ್‌ನ ಗೊಡವೆಯೇ ಬೇಡ, ಆ 40 ಜಿಬಿಯನ್ನು ಬಿಡಿಸಿ ಸಾಮಾನ್ಯ ಪೇಜ್‌ಗಳಲ್ಲೇ ನಡೆಸೋಣವೆಂದು ಕಚೇರಿಯಲ್ಲಿ ಯಾರಾದರೂ ಹೇಳಬಹುದು. ಡೇಟಾಬೇಸ್ ಏಳುತ್ತದೆ, ಆದರೆ ಲೆಕ್ಕ ನೋಡಿ. 24 ಜಿಬಿಯನ್ನು 4 ಕೆಬಿಯಂತೆ ಒಡೆದರೆ 6291456 ಪೇಜ್, ಪ್ರತಿಯೊಂದಕ್ಕೂ ಪೇಜ್‌ಟೇಬಲ್‌ನಲ್ಲಿ 8 ಬೈಟ್‌ನ ಒಂದು ನಮೂದು, ಒಟ್ಟು 48 ಎಂಬಿ. ಇದು ಸರ್ವರ್‌ಗೆಲ್ಲ ಸೇರಿ ಒಂದೇ ಪ್ರತಿಯಲ್ಲ. ಎಸ್‌ಜಿಎಯನ್ನು ಪೂರ್ತಿ ಮುಟ್ಟುವ ಪ್ರತಿ ಪ್ರಕ್ರಿಯೆಗೂ ಬೇರೆ ಬೇರೆ. 300 ಸೆಷನ್ ಇದ್ದರೆ ಕೊನೆಗೆ 14 ಜಿಬಿ ಬರೀ ಪಟ್ಟಿ ಇಟ್ಟುಕೊಳ್ಳುವುದಕ್ಕೇ ಹೋಗಬಹುದು. 2 ಎಂಬಿಯ ಪೇಜ್‌ನಲ್ಲಾದರೆ ಪ್ರಕ್ರಿಯೆಯೊಂದಕ್ಕೆ 96 ಕೆಬಿ ಸಾಕು. ಬೆಳಿಗ್ಗೆ ಚೆನ್ನಾಗಿದ್ದ ಸರ್ವರ್ ಮಧ್ಯಾಹ್ನ ಎಲ್ಲರೂ ಲಾಗಿನ್ ಆದ ಮೇಲೆ ಸ್ವಾಪ್‌ಗೆ ಇಳಿಯುತ್ತಿದ್ದರೆ, ಮೆಮ್‌ಇನ್ಫೊದಲ್ಲಿ ಪೇಜ್‌ಟೇಬಲ್ಸ್ ಎಂಬ ಸಾಲನ್ನು ಮೊದಲು ನೋಡಬೇಕು.

ಉತ್ತರ | ಹಳೆ ಸೋಲಾರಿಸ್

ಇಲ್ಲಿ ಹೇಳಿದ್ದೆಲ್ಲ ಲಿನಕ್ಸ್‌ಗೆ ಸರಿ. ಸೋಲಾರಿಸ್‌ನವರು ಯಾರಾದರೂ ಇದೇ 27102 ಹಿಡಿದು ಬಂದರೆ ದಾರಿ ತಪ್ಪಬಾರದೆಂದು ಬರೆಯುತ್ತಿದ್ದೇನೆ.

ಸೋಲಾರಿಸ್ 9ರವರೆಗೆ ಶಮ್‌ಮ್ಯಾಕ್ಸ್‌ನ ಬೆಲೆಯನ್ನು ಇಟಿಸಿ ಡೈರೆಕ್ಟರಿಯ ಸಿಸ್ಟಮ್ ಫೈಲಿನಲ್ಲಿ ಬರೆದು ರೀಬೂಟ್ ಮಾಡುತ್ತಿದ್ದೆವು. 2005ರಲ್ಲಿ ಬಂದ ಸೋಲಾರಿಸ್ 10 ಈ ಕ್ರಮವನ್ನು ಬದಿಗಿಟ್ಟು, ಮಿತಿಯನ್ನು ಪ್ರಾಜೆಕ್ಟ್ ಎಂಬ ಗುಂಪಿಗೆ ಕಟ್ಟಿತು. ಪ್ರಾಜೆಕ್ಟ್.ಮ್ಯಾಕ್ಸ್-ಶಮ್-ಮೆಮೊರಿ ಎಂಬುದು ಆ ಪ್ರಾಜೆಕ್ಟ್‌ನ ಎಲ್ಲ ಪ್ರಕ್ರಿಯೆಗಳು ಸೇರಿ ಪಡೆಯಬಹುದಾದ ಒಟ್ಟು ಹಂಚಿಕೆಯ ಮೆಮೊರಿ; ನಾವಾಗಿ ಏನೂ ಹೇಳದಿದ್ದರೆ ಅದು ಭೌತಿಕ ಮೆಮೊರಿಯ ಕಾಲು ಭಾಗ. 64 ಜಿಬಿಯ ಯಂತ್ರದಲ್ಲಿ ಸುಮಾರು 16 ಜಿಬಿ ದಾಟುವ ಎಸ್‌ಜಿಎ ಕೇಳಿದರೆ 27102ರ ಕೆಳಗೆ 22, ‘ಇನ್‌ವ್ಯಾಲಿಡ್ ಆರ್ಗ್ಯುಮೆಂಟ್’ ಬರುತ್ತದೆ. ಲಿನಕ್ಸ್‌ನಲ್ಲಿ ಶಮ್‌ಮ್ಯಾಕ್ಸ್ ಚಿಕ್ಕದಿದ್ದರೂ ಒರೇಕಲ್ ಎಸ್‌ಜಿಎಯನ್ನು ಹಲವು ಸೆಗ್ಮೆಂಟ್‌ಗಳಾಗಿ ಒಡೆದು ಹೇಗೋ ಏಳುತ್ತದೆ; ಇಲ್ಲಿ ಮಿತಿ ಒಟ್ಟು ಮೊತ್ತಕ್ಕೇ ಇರುವುದರಿಂದ ಒಡೆದರೂ ಉಪಯೋಗವಿಲ್ಲ.

ಒರೇಕಲ್ ಬಳಕೆದಾರನಾಗಿ ಐಡಿ -ಪಿ ಕೊಟ್ಟು ಅವನು ಯಾವ ಪ್ರಾಜೆಕ್ಟ್‌ನಲ್ಲಿದ್ದಾನೆಂದು ಮೊದಲು ನೋಡಬೇಕು. ಪಿಆರ್‌ಸಿಟಿಎಲ್‌ನಿಂದ ಮಿತಿಯನ್ನು ತಕ್ಷಣ ಏರಿಸಬಹುದು, ಆದರೆ ರೀಬೂಟ್ ಆದರೆ ಹೋಗುತ್ತದೆ. ಪ್ರಾಜ್‌ಮಾಡ್‌ನಿಂದ ಬರೆದದ್ದು ಪ್ರಾಜೆಕ್ಟ್ ಫೈಲಿನಲ್ಲಿ ಉಳಿಯುತ್ತದೆ, ಆದರೆ ಹೊಸ ಲಾಗಿನ್‌ಗೆ ಮಾತ್ರ ಅನ್ವಯಿಸುತ್ತದೆ. ಎರಡನ್ನೂ ಮಾಡುವುದು ವಾಡಿಕೆ. ರೂಟ್‌ನಿಂದ ಒರೇಕಲ್‌ಗೆ ಬದಲಾಗುವಾಗ ಎಸ್‌ಯು ಜೊತೆ ಅಡ್ಡಗೆರೆ ಹಾಕುವುದನ್ನು ಮರೆತರೆ ಒರೇಕಲ್‌ನ ಪ್ರಾಜೆಕ್ಟ್ ಸಿಗದೆ ರೂಟ್‌ನ ಪ್ರಾಜೆಕ್ಟ್‌ನಲ್ಲೇ ಉಳಿದುಬಿಡುತ್ತೇವೆ, ಮಿತಿ ಏರಿಸಿಯೂ ಅದೇ ದೋಷ ಬರುತ್ತದೆ.

ಯಾವ ಯೂನಿಕ್ಸ್ ಆದರೂ ಸರಿ, ಇನ್ನೊಂದು ಸಾಮಾನ್ಯ ಕಾರಣವಿದೆ. ಡೇಟಾಬೇಸ್ ಅಸಹಜವಾಗಿ ಸತ್ತಾಗ, ಅಥವಾ ಯಾರಾದರೂ ಒರೇಕಲ್‌ನ ಮೇಲ್ವಿಚಾರಕ ಪಿಮಾನ್ ಪ್ರಕ್ರಿಯೆಯನ್ನು ಕಿಲ್ -9 ಮಾಡಿದಾಗ, ಹಳೆಯ ಸೆಗ್ಮೆಂಟ್ ಯಜಮಾನನಿಲ್ಲದೆ ಉಳಿದುಕೊಂಡು ಹೊಸ ಎಸ್‌ಜಿಎಯ ಜಾಗವನ್ನು ತಿನ್ನುತ್ತಿರುತ್ತದೆ. ಲಿನಕ್ಸ್‌ನಲ್ಲಿ ಐಪಿಸಿಎಸ್ -ಎಂ ಪಟ್ಟಿಯ ಎನ್‌ಅಟ್ಯಾಚ್ ಅಂಕಣದಲ್ಲಿ ಸೊನ್ನೆ ಇರುವುದು ಅದರ ಗುರುತು. ತೆಗೆಯಲು ಐಪಿಸಿಆರ್‌ಎಂ ಇದೆ, ಆದರೆ ಒಂದೇ ಸರ್ವರ್‌ನಲ್ಲಿ ಎರಡು ಮೂರು ಡೇಟಾಬೇಸ್ ಇದ್ದರೆ ಕಣ್ಣಂದಾಜಿನಲ್ಲಿ ಐಡಿ ಆರಿಸಿ ಅಳಿಸಬೇಡಿ. ಒರೇಕಲ್ ಹೋಮ್‌ನ ಬಿನ್ ಡೈರೆಕ್ಟರಿಯಲ್ಲಿ ಸಿಸ್‌ರೆಸ್‌ವಿ ಎಂಬ ಚಿಕ್ಕ ಸಾಧನವಿದೆ. ಒರೇಕಲ್_ಎಸ್‌ಐಡಿ ಸರಿಯಾಗಿ ಇಟ್ಟು ಅದನ್ನು ಓಡಿಸಿದರೆ ಯಾವ ಸೆಗ್ಮೆಂಟ್ ಯಾವ ಇನ್‌ಸ್ಟೆನ್ಸ್‌ನದು, ಆ ಇನ್‌ಸ್ಟೆನ್ಸ್ ಬದುಕಿದೆಯೇ ಇಲ್ಲವೇ ಎಂದು ಅದೇ ಹೇಳುತ್ತದೆ.

ಉತ್ತರ | ಆನೆಮರಿ

ಪೋಸ್ಟ್‌ಗ್ರೆಸ್ ಡೇಟಾಬೇಸ್ ನಡೆಸುವವರಿಗಾಗಿ ಚಿಕ್ಕ ಸೇರ್ಪಡೆ. 9.3ಕ್ಕಿಂತ ಹಿಂದಿನ ಆವೃತ್ತಿಗಳು ಇಡೀ ಶೇರ್ಡ್ ಬಫರ್ಸನ್ನು ಸಿಸ್ಟಮ್ ಫೈವ್ (ಶಮ್‌ಗೆಟ್‌ನಿಂದ ಪಡೆಯುವ) ಸೆಗ್ಮೆಂಟಿನಲ್ಲೇ ಇಡುತ್ತಿದ್ದುದರಿಂದ ಶಮ್‌ಮ್ಯಾಕ್ಸ್, ಶಮ್‌ಆಲ್ ತಲೆನೋವು ಅಲ್ಲೂ ಇತ್ತು. 2013ರ 9.3ರಿಂದ ದೊಡ್ಡ ಭಾಗ ಎಂಮ್ಯಾಪ್ ಎಂಬ ಬೇರೆ ವಿಧಾನಕ್ಕೆ ಹೋಗಿ, ಸಿಸ್ಟಮ್ ಫೈವ್‌ನಲ್ಲಿ ಉಳಿದದ್ದು ಕೆಲವು ಬೈಟ್‌ಗಳ ಒಂದು ಪುಟ್ಟ ಸೆಗ್ಮೆಂಟ್ ಮಾತ್ರ. 28 ಬಂದಾಗ ಪೋಸ್ಟ್‌ಗ್ರೆಸ್ ತನ್ನ ಸುಳಿವಿನ ಸಾಲಿನಲ್ಲಿ, ಇದರ ಅರ್ಥ ಡಿಸ್ಕಿನಲ್ಲಿ ಜಾಗ ಮುಗಿಯಿತೆಂದಲ್ಲ ಎಂದು ಬಿಡಿಸಿ ಹೇಳುತ್ತದೆ. ಒರೇಕಲ್ ಆ ಒಂದು ವಾಕ್ಯ ಬರೆದಿದ್ದರೆ ಮಲಪ್ರಭಾ ಅವರು ಡಿಎಫ್ ಕೊಡಬೇಕಾಗಿರಲಿಲ್ಲ.

ರೆಡ್ ಹ್ಯಾಟ್ 7 ಎಂದದ್ದರಿಂದ ಇನ್ನೊಂದು ಎಚ್ಚರಿಕೆ. 7.2ರಲ್ಲಿ ಸಿಸ್ಟಮ್‌ಡಿಯ ಲಾಗಿನ್‌ಡಿ, ರಿಮೂವ್‌ಐಪಿಸಿ ಎಂಬ ಆಯ್ಕೆಯನ್ನು ತಾನಾಗಿ ‘ಯೆಸ್’ ಎಂದು ಇಟ್ಟುಕೊಂಡಿತ್ತು. ಬಳಕೆದಾರನ ಕೊನೆಯ ಸೆಷನ್ ಮುಗಿದೊಡನೆ ಅವನ ಐಪಿಸಿ ವಸ್ತುಗಳನ್ನೆಲ್ಲ (ಹಂಚಿಕೆಯ ಮೆಮೊರಿಯ ಸೆಗ್ಮೆಂಟ್ ಮೊದಲಾದವನ್ನು) ಅಳಿಸುವುದು ಅದರ ಕೆಲಸ. ಸಿಸ್ಟಮ್ ಬಳಕೆದಾರರಿಗೆ ಇದು ಅನ್ವಯಿಸುವುದಿಲ್ಲ, ಆದರೆ ಒರೇಕಲ್ ಬಳಕೆದಾರನ ಐಡಿ ಸಾಮಾನ್ಯವಾಗಿ 54321 ಇರುವುದರಿಂದ ಅವನು ಸಾಮಾನ್ಯ ಬಳಕೆದಾರನೆಂದೇ ಲೆಕ್ಕ. ಡಿಬಿಎ ಲಾಗೌಟ್ ಆದ, ಡೇಟಾಬೇಸ್ ಬಿತ್ತು ಎಂಬ ಸ್ಥಿತಿ ಇದರಿಂದ ಬರುತ್ತದೆ. ಪೋಸ್ಟ್‌ಗ್ರೆಸ್‌ನ ಕೈಪಿಡಿಯೂ ಈ ವಿಷಯವನ್ನು ಎಚ್ಚರಿಸುತ್ತದೆ. ಲಾಗಿನ್‌ಡಿ.ಕಾನ್ಫ್ ಫೈಲಿನಲ್ಲಿ ರಿಮೂವ್‌ಐಪಿಸಿ=ನೋ ಎಂದು ಸ್ಪಷ್ಟವಾಗಿ ಬರೆದುಬಿಡುವುದು ಕ್ಷೇಮ.

ಮುಂದುವರಿಕೆ | ಮಲಪ್ರಭಾ

ಎಲ್ಲರಿಗೂ ಕೃತಜ್ಞತೆಗಳು. ಹ್ಯೂಜ್‌ಪೇಜ್ 12320ಕ್ಕೆ ಇಳಿಸಿ, ಮೆಮ್‌ಲಾಕ್ ಏರಿಸಿ, ಹೊಸದಾಗಿ ಲಾಗಿನ್ ಆಗಿ ಮೂಲ ಎಸ್‌ಪಿಫೈಲ್‌ನಿಂದಲೇ ಚಾಲೂ ಮಾಡಿದಾಗ 24 ಜಿಬಿಯ ಎಸ್‌ಜಿಎ ಎದ್ದಿತು. ಮೊದಲಿಗೆ ಹ್ಯೂಜ್‌ಪೇಜಸ್_ಫ್ರೀ ಇನ್ನೂ ಸಾವಿರಗಟ್ಟಲೆ ತೋರಿಸಿದ್ದರಿಂದ ಗಾಬರಿಯಾಯಿತು. ರಿಸರ್ವ್ಡ್ ಸಾಲನ್ನು ಕಳೆದರೆ ಉಳಿಯುವುದು ಬೆರಳೆಣಿಕೆಯಷ್ಟೇ ಎಂದು ಆಮೇಲೆ ಗೊತ್ತಾಯಿತು. ರಿಮೂವ್‌ಐಪಿಸಿ ಸಾಲನ್ನೂ ಬರೆದಿದ್ದೇನೆ. ಸ್ವಾಪ್ ಹೆಚ್ಚಿಸಲು ಸಿಸ್ಟಮ್ ವಿಭಾಗಕ್ಕೆ ಹೇಳಿದ್ದಾಗಿದೆ.

ಉಳಿದಿರುವುದು ಒಂದೇ ಸಂದೇಹ. ಪಿಜಿಎ ಟಾರ್ಗೆಟ್ 8 ಜಿಬಿ ಇಟ್ಟಿದ್ದೇನೆ. ಹ್ಯೂಜ್‌ಪೇಜ್‌ಗಳಿಗೆ ಹೋದ 24 ಜಿಬಿಯನ್ನು ಕಳೆದು ಉಳಿಯುವ ಮೆಮೊರಿಯಲ್ಲಿ ಇದು ಸುರಕ್ಷಿತವೇ? ವರದಿಗಳೆಲ್ಲ ಒಟ್ಟಿಗೆ ಓಡಿದ ದಿನ 8 ಜಿಬಿಯಲ್ಲೇ ನಿಲ್ಲುತ್ತದೆಂದು ನಂಬಬಹುದೇ?

ಉತ್ತರ | ತುಂಗಾತೀರ

8 ಜಿಬಿಯಲ್ಲೇ ನಿಲ್ಲುವುದಿಲ್ಲ. ಹೆಸರೇ ಹೇಳುವಂತೆ ಅದು ಟಾರ್ಗೆಟ್, ಮಿತಿಯಲ್ಲ. ಮಿತಿಯಾಗಿರುವುದು 12ಸಿಯಿಂದ ಬಂದ ಪಿಜಿಎ_ಅಗ್ರಿಗೇಟ್_ಲಿಮಿಟ್. ನೀವು ಬೆಲೆ ಕೊಡದಿದ್ದರೆ ಅದು ಸಾಮಾನ್ಯವಾಗಿ ಟಾರ್ಗೆಟ್‌ನ ಎರಡರಷ್ಟು, ನಿಮ್ಮಲ್ಲಿ 16 ಜಿಬಿ. ಪ್ರೊಸೆಸಸ್ ಪ್ಯಾರಾಮೀಟರ್ ಬಹಳ ದೊಡ್ಡದಿದ್ದರೆ ತಲಾ 3 ಎಂಬಿಯಂತೆ ಲೆಕ್ಕ ಹಿಡಿದು ಇನ್ನೂ ಮೇಲೇರಬಹುದು, ಆದ್ದರಿಂದ ‘ಶೋ ಪ್ಯಾರಾಮೀಟರ್ ಪಿಜಿಎ’ ಕೊಟ್ಟು ನಿಜವಾದ ಬೆಲೆ ನೋಡಿಕೊಳ್ಳಿ. ಪಿಜಿಎ ಹ್ಯೂಜ್‌ಪೇಜ್‌ನಲ್ಲಿ ಕೂರುವುದಿಲ್ಲ, ಸಾಮಾನ್ಯ ಮೆಮೊರಿಯಲ್ಲೇ ಬೆಳೆಯುತ್ತದೆ. ನಿಮ್ಮಲ್ಲಿ 62ರಲ್ಲಿ 24 ಹೋಗಿ 38 ಉಳಿದಿದೆ; ಅದರಲ್ಲಿ 16 ಜಿಬಿ ಪಿಜಿಎಗೆ ಹೋದರೂ ಆಪರೇಟಿಂಗ್ ಸಿಸ್ಟಮ್‌ಗೆ ಮತ್ತು ಬ್ಯಾಕಪ್‌ಗೆ ಸಾಕಷ್ಟಿರುತ್ತದೆ. ಮುಂದೆ ಎಸ್‌ಜಿಎಯನ್ನು ಮತ್ತೆ ಏರಿಸುವ ದಿನ ಬಂದರೆ ಹ್ಯೂಜ್‌ಪೇಜ್ ಸಂಖ್ಯೆಯನ್ನು ಮೊದಲು ಏರಿಸಿ, ಮೆಮ್‌ಇನ್ಫೊದಲ್ಲಿ ಅಷ್ಟೂ ಸಿಕ್ಕಿದೆಯೆಂದು ನೋಡಿ, ಆಮೇಲೆ ಎಸ್‌ಪಿಫೈಲ್‌ಗೆ ಕೈಹಾಕಿ.